ಹರಿಹರ–ದಾವಣಗೆರೆ ನಿತ್ಯ ಪ್ರಯಾಣಿಕರು ರೈಲು ಬಿಟ್ಟು ಬಸ್ಸು, ಬಸ್ಸು ಬಿಟ್ಟು ಬೈಕು ಹಿಡಿಯುವುದೇಕೆ?

ಪ್ರಶ್ನೆ (ಹರಿಹರದಿಂದ):
ಹರಿಹರದಿಂದ ದಾವಣಗೆರೆಗೆ ಇರುವುದು ಸುಮಾರು 14 ಕಿಲೋಮೀಟರ್. ಆರು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದಾಗ ನಾವು ಐದು ಜನ ಒಟ್ಟಿಗೆ ರೈಲಿನ ಮಾಸಿಕ ಪಾಸು ಮಾಡಿಸಿದ್ದೆವು. ಅದಕ್ಕಿಂತ ಅಗ್ಗವಾದುದು ಬೇರೊಂದಿಲ್ಲವೆಂದು ಗೊತ್ತಿದ್ದರೂ ಒಬ್ಬೊಬ್ಬರಾಗಿ ಎಲ್ಲರೂ ಅದನ್ನು ಬಿಟ್ಟೆವು. ನಾನು ಮೊದಲು ಬೈಕು ಹಿಡಿದೆ, ಈಗ ವಾರದಲ್ಲಿ ಮೂರು ದಿನ ಬಸ್ಸಿನಲ್ಲಿ ಬರುತ್ತೇನೆ. ಜನ ಹೀಗೆ ಬದಲಾಯಿಸುತ್ತಲೇ ಇರುವುದಕ್ಕೆ ನಿಜವಾದ ಕಾರಣವೇನು?

ಉತ್ತರ 1 (ದಾವಣಗೆರೆಯಿಂದ):
ಸರ್, ರೈಲಿನ ದರವನ್ನಷ್ಟೇ ನೋಡಿದರೆ ಇದು ಅರ್ಥವಾಗುವುದಿಲ್ಲ. ನನ್ನ ಕಚೇರಿ ವಿದ್ಯಾನಗರದಲ್ಲಿದೆ. ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಪಾಸಿನಿಂದ ಉಳಿಸಿದ ಹಣವೆಲ್ಲ ಅಲ್ಲಿಯೇ ಹೋಗುತ್ತದೆ. ಪಾಸು ಇಟ್ಟುಕೊಂಡು ಕಾಯ್ದಿರಿಸಿದ ಬೋಗಿಗೆ ಹತ್ತುವಂತಿಲ್ಲವಾದ್ದರಿಂದ, ಸಂಜೆ ಒಂದು ಗಾಡಿ ತಪ್ಪಿತೆಂದರೆ ಖಾಲಿ ಬುತ್ತಿ ಡಬ್ಬಿ ಹಿಡಿದುಕೊಂಡು ಮುಂದಿನ ಗಾಡಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕೂರಬೇಕು. ಕಾಯುವ ಒಂದು ನಿಮಿಷವನ್ನು ವಾಹನದೊಳಗೆ ಕುಳಿತ ಸುಮಾರು ಎರಡು ನಿಮಿಷಗಳಿಗೆ ಸಮನಾಗಿ ಎಣಿಸುವ ರೂಢಿ ಸಾರಿಗೆ ಅಧ್ಯಯನಗಳಲ್ಲಿದೆ, ಮತ್ತು ಆ ಲೆಕ್ಕ ಎಷ್ಟು ಸರಿಯೆಂಬುದು ನಿತ್ಯ ಕಾದವರಿಗೆ ಗೊತ್ತು. ನಾನು ರೈಲು ಬಿಟ್ಟದ್ದು ಅದು ನಿಧಾನವೆಂದಲ್ಲ. ಮನೆಗೆ ಎಷ್ಟು ಹೊತ್ತಿಗೆ ಬರುತ್ತೇನೆಂದು ಅಮ್ಮನಿಗೆ ಹೇಳಲಾಗುತ್ತಿರಲಿಲ್ಲ.

ಉತ್ತರ 2 (ಹರಿಹರದಿಂದ):
ನನ್ನ ಮಟ್ಟಿಗೆ ಹಣವೇ ಕಾರಣವಾಗಿತ್ತು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ ಆರಂಭವಾಗುವವರೆಗೆ ಮನೆಯ ಹತ್ತಿರವೇ ನಿಲ್ಲುವ ಖಾಸಗಿ ಬಸ್ಸಿಗೆ ಹತ್ತುತ್ತಿದ್ದೆ. ಆಮೇಲೆ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಪಡೆಯಲೆಂದು ಹತ್ತು ನಿಮಿಷ ನಡೆದು ಸರ್ಕಾರಿ ಬಸ್ಸಿಗೆ ಹೋಗತೊಡಗಿದೆ. ಆದರೂ ಮಗಳನ್ನು ಟ್ಯೂಷನ್ನಿನಿಂದ ಕರೆತರಬೇಕಾದ ದಿನ ಮೊದಲು ಬಂದ ಬಸ್ಸಿಗೆ ದುಡ್ಡು ಕೊಟ್ಟು ಹತ್ತುತ್ತೇನೆ. ಹೆಣ್ಣುಮಕ್ಕಳು ಕೆಲಸದಿಂದ ನೇರವಾಗಿ ಮನೆಗೆ ಹೋಗುವುದು ಅಪರೂಪ. ನಡುವೆ ತರಕಾರಿ, ಔಷಧಿ, ಮಕ್ಕಳು ಇದ್ದೇ ಇರುತ್ತವೆ. ವೇಳಾಪಟ್ಟಿ ಮಾಡುವವರು ಇದನ್ನು ಗಮನಿಸಬೇಕೆಂದು ನಿಜಕ್ಕೂ ಬಯಸುತ್ತೇನೆ.

ಉತ್ತರ 3 (ಚಿತ್ರದುರ್ಗದಿಂದ):
ನಿಮಗೆ ಬದಲಾಯಿಸಲು ಅವಕಾಶವಾದರೂ ಇದೆ. ನಮ್ಮ ರೈಲು ನಿಲ್ದಾಣ ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿದೆ. ದಾವಣಗೆರೆಗೆ ರೈಲಿನಲ್ಲಿ ಬರಬೇಕೆಂದರೆ ಚಿಕ್ಕಜಾಜೂರನ್ನು ಸುತ್ತಿ ಬರಬೇಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರದ ಮೇಲೆ ನೇರ ಹೋಗುವ ಬಸ್ಸೇ ನಮಗೆ ಗತಿ. ತುಮಕೂರು–ದಾವಣಗೆರೆ ಹೊಸ ಮಾರ್ಗ ನಮ್ಮೂರಿನ ಮೇಲೆ ಹಾದುಹೋಗಲಿದ್ದು, ಅದು ಮುಗಿದ ಮೇಲೂ ಉತ್ತರ 1ರಲ್ಲಿ ಹೇಳಿದ ಆಟೋ ಖರ್ಚು ಉಳಿದರೆ ನಾನಂತೂ ಬಸ್ಸಿನಲ್ಲಿಯೇ ಬರುತ್ತೇನೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾನು ಬೈಕನ್ನು ಕಡಿಮೆ ಮಾಡಿದ್ದು ಕಳೆದ ಮಳೆಗಾಲದಲ್ಲಿ ಬಾತಿಯ ಹತ್ತಿರ ಲಾರಿಯೊಂದು ಎರಚಿದ ನೀರಿಗೆ ಕಣ್ಣು ಕಾಣದೆ ರಸ್ತೆಯಂಚಿಗೆ ಇಳಿದ ದಿನದಿಂದ. ಬಸ್ಸಿನಲ್ಲಿ ಬರುವ ಆ ಮೂರು ದಿನ ಯಾವುವೆಂದರೆ, ಮಳೆಯ ಲಕ್ಷಣ ಕಂಡ ದಿನಗಳು.