ಎಚ್-4 ಮಗಳಿಗೆ 21 ತುಂಬ್ತಾ ಇದೆ, ಡಾಕಾ ಹಾಕಬಹುದಾ? (ವಕೀಲರಿಗೆ ಪ್ರಶ್ನೆ)

ಪ್ರಶ್ನೆ: ನಮಸ್ತೆ ಮೇಡಂ. ಮಗಳು ಹುಟ್ಟಿದ್ದು 2006ರ ಮಾರ್ಚ್ 10, ಮೈಸೂರಿನಲ್ಲಿ. 2010ರಲ್ಲಿ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಿಗೆ ಸಿಗೋ ವೀಸಾ) ಮೇಲೆ ಅಮೆರಿಕಕ್ಕೆ ಬಂದಳು, ಅವಳ ಓದೆಲ್ಲ ಇಲ್ಲೇ. ನನ್ನದು ಇಬಿ-2 (ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನ ಎರಡನೇ ವರ್ಗ), ಪ್ರಯಾರಿಟಿ ಡೇಟ್ (ಸಾಲಿನಲ್ಲಿ ನನ್ನ ಸರದಿಯ ತಾರೀಖು) 2015ರ ಮಾರ್ಚ್. ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಪಾಸಾಗಲು 203 ದಿನ ಹಿಡಿದಿತ್ತು. ಗ್ರೀನ್ ಕಾರ್ಡ್ ಬರೋದರೊಳಗೆ ಅವಳಿಗೆ 21 ಆಗಿ, ನನ್ನ ಜೊತೆ ಕಾರ್ಡ್ ಸಿಗದೇ ಹೋಗುತ್ತೆ ಅನ್ನೋ ಭಯ. ಚಿಕ್ಕವರಿದ್ದಾಗ ಬಂದವರಿಗೆ ಡಾಕಾ ಇದೆ ಅಂತಾರಲ್ಲ, ಇವಳೂ ಡ್ರೀಮರ್ (ಚಿಕ್ಕವರಿದ್ದಾಗ ಬಂದು ಇಲ್ಲೇ ಬೆಳೆದವರು) ತಾನೆ?

ಉತ್ತರ (ಇಮಿಗ್ರೇಶನ್ ವಕೀಲೆ): ಮಾತಿಗೆ ಡ್ರೀಮರ್, ಕಾಗದಕ್ಕೆ ಅಲ್ಲ. ಡಾಕಾ ಸಂಸತ್ತು ಮಾಡಿದ ಕಾನೂನಲ್ಲ, 2012ರ ಜೂನ್ 15ರಂದು ಒಬಾಮಾ ಸರ್ಕಾರ ಹೊರಡಿಸಿದ ಆದೇಶ. ಸದ್ಯಕ್ಕೆ ಗಡೀಪಾರು ಮಾಡಲ್ಲ, ಎರಡೆರಡು ವರ್ಷಕ್ಕೆ ಕೆಲಸದ ಪರವಾನಗಿ ಕೊಡ್ತೀವಿ, ಅಷ್ಟೇ ಅದರಲ್ಲಿರೋದು. ಅದರಿಂದ ಗ್ರೀನ್ ಕಾರ್ಡಿಗೆ ದಾರಿಯಿಲ್ಲ.

16 ತುಂಬುವ ಮೊದಲು ಬಂದಿರಬೇಕು, 2007ರ ಜೂನ್ 15ರಿಂದ ಸತತವಾಗಿ ಇಲ್ಲೇ ಇರಬೇಕು. ನಿಮ್ಮ ಮಗಳು 2010ರಲ್ಲಿ ಬಂದವಳು, ಅಲ್ಲಿಗೇ ಮುಗೀತು. ಹಾಗಂತ 2006ರಲ್ಲೇ ಬಂದಿದ್ದರೂ ಸಿಗುತ್ತಿರಲಿಲ್ಲ. 2012ರ ಜೂನ್ 15ರಂದು ಸಕ್ರಮ ಸ್ಟೇಟಸ್ ಇದ್ದವರಿಗೆ ಡಾಕಾ ಇಲ್ಲ. ಆ ದಿನ ಎಚ್-4 ಚಾಲ್ತಿಯಲ್ಲಿತ್ತು ಅನ್ನೋದೇ ಅಡ್ಡಿ. ಸಾಲದ್ದಕ್ಕೆ 2021ರ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ಜಡ್ಜ್ ಆಂಡ್ರ್ಯೂ ಹೇನನ್ ಕೊಟ್ಟ ತೀರ್ಪಿನಿಂದ ಹೊಸ ಅರ್ಜಿಗಳ ಮಂಜೂರಾತಿ ನಿಂತುಹೋಯಿತು. ನವೀಕರಣ ಮಾತ್ರ ಮುಂದುವರಿಯಿತು.

ನಿಮಗೆ ಬೇಕಾದ್ದು ಸಿಎಸ್‌ಪಿಎ, ಅಂದರೆ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆಕ್ಟ್, 2002ರ ಕಾಯ್ದೆ. ವೀಸಾ ನಂಬರ್ ಸಿಕ್ಕ ದಿನದ ವಯಸ್ಸಿನಿಂದ ಐ-140 ಕಾದ ದಿನಗಳನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆಯಿದ್ದರೆ ಕಾನೂನಿನ ಕಣ್ಣಿಗೆ ಅವಳಿನ್ನೂ ಮಗು. ನಿಮ್ಮ ಲೆಕ್ಕ ಹೀಗೆ: 21 ತುಂಬೋದು 2027ರ ಮಾರ್ಚ್ 10. ಅದಕ್ಕೆ 203 ದಿನ ಸೇರಿಸಿದರೆ ಸೆಪ್ಟೆಂಬರ್ 29. ವೀಸಾ ಬುಲೆಟಿನ್ (ಯಾವ ತಾರೀಖಿನವರೆಗೆ ಸರದಿ ಬಂದಿದೆ ಅನ್ನೋ ತಿಂಗಳ ಪ್ರಕಟಣೆ) ಅನ್ವಯವಾಗೋದು ತಿಂಗಳ ಒಂದನೇ ತಾರೀಖಿನಿಂದ. 2027ರ ಸೆಪ್ಟೆಂಬರ್ ಬುಲೆಟಿನ್ ಒಳಗೆ ನಿಮ್ಮ ಡೇಟ್ ಕರೆಂಟ್ ಆದರೆ, ಅಂದರೆ ಸರದಿ ಬಂದರೆ, ಅವಳು ಉಳಿದಳು. ಅಕ್ಟೋಬರ್ 1ಕ್ಕೆ ಆದರೆ ಎರಡು ದಿನದಲ್ಲಿ ತಪ್ಪಿಹೋಯಿತು. ವರ್ಷದ ಹೊಸ ಕೋಟಾ ತೆರೆಯೋದು ಅದೇ ಅಕ್ಟೋಬರ್ 1ಕ್ಕೆ, ನೋಡಿ!

ನೋಡಬೇಕಾದ್ದು ಬುಲೆಟಿನ್‌ನ ಫೈನಲ್ ಆಕ್ಷನ್ (ಕಾರ್ಡ್ ಕೊಡಬಹುದಾದ ತಾರೀಖುಗಳ) ಪಟ್ಟಿ. 2023ರ ಫೆಬ್ರವರಿಯಿಂದ ಡೇಟ್ಸ್ ಫಾರ್ ಫೈಲಿಂಗ್ (ಅರ್ಜಿ ಹಾಕಬಹುದಾದ ತಾರೀಖುಗಳ) ಪಟ್ಟಿಯೂ ನಡೀತಿತ್ತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಅದು ಹೋಯಿತು. ಹಳೆ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ಪರ್ಮ್‌ಗೆ (ಐ-140ಕ್ಕೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಮಂಜೂರಾತಿ) ಆರೇಳು ತಿಂಗಳು ಹಿಡಿದಿತ್ತು. ಅದನ್ನೂ ಕಳೀಬಹುದಾ?

ಉತ್ತರ: ಇಲ್ಲ. ಪರ್ಮ್ ಎಷ್ಟೇ ಎಳೆದರೂ ಒಂದು ದಿನವೂ ಲೆಕ್ಕಕ್ಕಿಲ್ಲ, ಐ-140 ಮಾತ್ರ. ಮತ್ತೆ ಐ-485 (ಗ್ರೀನ್ ಕಾರ್ಡಿನ ಕೊನೆಯ ಅರ್ಜಿ) ಯಾವ ಐ-140 ಮೇಲೆ ನಿಲ್ಲುತ್ತೋ ಅದರ ದಿನಗಳೇ ಎಣಿಕೆಗೆ. ಕಂಪನಿ ಬದಲಾಯಿಸಿದಾಗ ಹಳೇ ಪ್ರಯಾರಿಟಿ ಡೇಟ್ ಜೊತೆಗೆ ಬರುತ್ತೆ, 203 ದಿನ ಬರಲ್ಲ. ಹೊಸ ಐ-140 ಅನ್ನು ಪ್ರೀಮಿಯಂನಲ್ಲಿ (ಹೆಚ್ಚು ಶುಲ್ಕದ ತ್ವರಿತ ಸೇವೆ) ಹದಿನೈದು ಕೆಲಸದ ದಿನದಲ್ಲಿ ಮುಗಿಸಿದರೆ ನಿಮಗೆ ಕಳೆಯಲು ಸಿಗೋದು ಮೂರು ವಾರ. ಬೇಗ ಆಯ್ತು ಅಂತ ಖುಷಿಪಟ್ಟವರೇ ಇಲ್ಲಿ ಸಿಕ್ಕಿಬೀಳೋದು.

ಇನ್ನೊಂದು, ಸಿಎಸ್‌ಪಿಎ ವಯಸ್ಸು 21ರೊಳಗಿದ್ದ ಮಾತ್ರಕ್ಕೆ ಎಚ್-4 ಮುಂದುವರಿಯಲ್ಲ. ಐ-94ರಲ್ಲಿ (ದೇಶದಲ್ಲಿರಬಹುದಾದ ಅವಧಿಯ ದಾಖಲೆ) 2028 ಅಂತಿದ್ದರೂ ಎಚ್-4 ಮುಗಿಯೋದು ಹುಟ್ಟುಹಬ್ಬದ ದಿನವೇ. ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ಸ್ಟೇಟಸ್‌ಗೆ ಬದಲಾವಣೆಯ ಅರ್ಜಿ ಇಮಿಗ್ರೇಶನ್ ಇಲಾಖೆ ಕೈ ಸೇರಿರಬೇಕು. ಆರು ತಿಂಗಳು ಮೊದಲೇ ಶುರು ಮಾಡಿ. ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ಅಧಿಕಾರಿ) ಹತ್ತಿರ ಸ್ಟೇಟಸ್ ಬದಲಾವಣೆಗೆ ಅಂತ ಹೇಳಿ ಐ-20 (ವಿದ್ಯಾರ್ಥಿ ಅರ್ಹತಾ ಪತ್ರ) ತಗೊಳ್ಳಿ, 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟಿ, ಆಮೇಲೆ ಐ-539 (ಸ್ಟೇಟಸ್ ಬದಲಾವಣೆಯ ಅರ್ಜಿ): ಆನ್‌ಲೈನ್ ಆದರೆ 420, ಕಾಗದದಲ್ಲಿ 470. ನಿಮ್ಮ ಐ-797 (ಮಂಜೂರಾತಿ ನೋಟಿಸ್), ಅವಳ ಐ-94, ಖರ್ಚಿಗೆ ದುಡ್ಡಿದೆ ಅನ್ನೋ ಬ್ಯಾಂಕ್ ಪತ್ರ ಜೊತೆಗಿರಲಿ. ತೀರ್ಮಾನ ಬರೋವರೆಗೂ ದೇಶ ಬಿಡುವಂತಿಲ್ಲ. ಕಸಿನ್ ಮದುವೆ ಅಂತ ಊರಿಗೆ ಹೊರಟರೆ ಅರ್ಜಿ ಬಿಟ್ಟುಕೊಟ್ಟ ಹಾಗೆ, ವಾಪಸ್ ಬರಲು ಕಾನ್ಸುಲೇಟ್‌ನಲ್ಲಿ ಎಫ್-1 ಸ್ಟಾಂಪಿಂಗ್ ಮಾಡಿಸಬೇಕು. ಎಫ್-1ನಲ್ಲಿದ್ದರೂ ಸಿಎಸ್‌ಪಿಎ ಹಕ್ಕು ಹೋಗಲ್ಲ. ಡೇಟ್ ಕರೆಂಟ್ ಆದ ಒಂದು ವರ್ಷದೊಳಗೆ ಐ-485 ಹಾಕಬೇಕು, ಗ್ರೀನ್ ಕಾರ್ಡ್ ಸಿಗೋವರೆಗೆ ಮದುವೆ ಆಗಿರಬಾರದು.

ಇನ್ನೊಬ್ಬ ಸದಸ್ಯರು: ಹಾಗಾದ್ರೆ ಸ್ಟೇಟಸ್ ಬಿಟ್ಟು ಕೂತರೆ ಡಾಕಾ ಸಿಗುತ್ತಾ ಮೇಡಂ? ಕಾನೂನು ಪಾಲಿಸಿದವರಿಗೇ ಇಲ್ಲ ಅಂದ್ರೆ ಯಾವ ನ್ಯಾಯ?

ಉತ್ತರ: ಸಿಗಲ್ಲ. ಕೇಳೋದು 2012ರ ಆ ದಿನದ ಸ್ಟೇಟಸ್, ಇವತ್ತಿನದಲ್ಲ. 18 ದಾಟಿದವರು ಅಕ್ರಮವಾಗಿ 180 ದಿನ ಮೀರಿ ಇದ್ದು ಹೊರಗೆ ಹೋದರೆ ಮೂರು ವರ್ಷ, ಒಂದು ವರ್ಷ ತುಂಬಿದ್ದರೆ ಹತ್ತು ವರ್ಷ ವಾಪಸ್ ಬರೋ ಹಾಗಿಲ್ಲ. ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ.

ನ್ಯಾಯದ ಮಾತಿಗೆ ಬಂದರೆ, ಡಾಕಾದವರು ನಮ್ಮ ಸರದಿ ತಿಂದಿಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಶೇ. 7ರ ಮಿತಿ. ಡಾಕಾಕ್ಕೆ ಅದರಲ್ಲಿ ಒಂದೂ ಖರ್ಚಾಗಲ್ಲ. ನಮ್ಮ ಸಾಲು ಉದ್ದವಾಗಿರೋದು ಆ ಶೇ. 7ರಿಂದ.

ಪ್ರಶ್ನೆ: ಸಂಸತ್ತಿನಲ್ಲಿ ಹೊಸ ಬಿಲ್ ಬರುತ್ತೆ ಅಂತ ಕಾಯಬಹುದಾ?

ಉತ್ತರ: ಡ್ರೀಮರ್‌ಗಳಿಗೆ ಕಾಯಂ ನೆಲೆ ಕೊಡುವ ಡ್ರೀಮ್ ಆಕ್ಟ್ ಮೊದಲು ಮಂಡನೆಯಾಗಿದ್ದು 2001ರಲ್ಲಿ, ಡೆಮಾಕ್ರಟ್ ಡಿಕ್ ಡರ್ಬಿನ್, ರಿಪಬ್ಲಿಕನ್ ಆರಿನ್ ಹ್ಯಾಚ್ ಇಬ್ಬರೂ ಸೇರಿ. 2010ರಲ್ಲಿ ಹೌಸ್ (ಕೆಳಮನೆ) ದಾಟಿ ಸೆನೆಟ್‌ನಲ್ಲಿ 55–41ಕ್ಕೆ ನಿಂತಿತು. ಬೇಕಿದ್ದದ್ದು 60. 2021ರ ಮಾರ್ಚ್‌ನಲ್ಲಿ ಹೌಸ್ 228–197ರಿಂದ ಪಾಸು ಮಾಡಿದ ಮಸೂದೆಯಲ್ಲಿ ಎಚ್-1ಬಿಯವರ ಮಕ್ಕಳೂ ಇದ್ದರು, ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಸೆನೆಟರ್ ಅಲೆಕ್ಸ್ ಪಡೀಯಾ ಮತ್ತು ಹೌಸ್ ಸದಸ್ಯೆ ಡೆಬೊರಾ ರಾಸ್ ತಂದ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ನಮ್ಮಂಥವರ ಮಕ್ಕಳಿಗೇ ಅಂತ ಬರೆದದ್ದು.

ವಿರೋಧಿಗಳ ವಾದ ಎರಡು: ಅಕ್ರಮಕ್ಕೆ ಬಹುಮಾನ ಕೊಡಬಾರದು, ಸಂಸತ್ತಿನ ಕೆಲಸ ಅಧ್ಯಕ್ಷರು ಮಾಡಬಾರದು. ಎರಡೂ ಎಚ್-4 ಮಕ್ಕಳಿಗೆ ತಾಗಲ್ಲ. ಆದರೂ ಮಸೂದೆ ಒಂಟಿಯಾಗಿ ಹೋಗಲ್ಲ. ಒಂದು ಕಡೆಯವರು ಜೊತೆಗೆ ಗಡಿ ಭದ್ರತೆಯನ್ನೂ ತಂದು ಕಟ್ಟು ಅಂತಾರೆ, ಇನ್ನೊಂದು ಕಡೆಯವರು ಎಲ್ಲ ಡ್ರೀಮರ್‌ಗಳನ್ನೂ ಸೇರಿಸು ಅಂತಾರೆ. ಕಂತೆ ದೊಡ್ಡದಾಗುತ್ತೆ, ಬೀಳುತ್ತೆ. ಸೆನೆಟರ್‌ಗೆ ಪತ್ರ ಬರೀರಿ, ತಪ್ಪಿಲ್ಲ. ಐ-539 ಮಾತ್ರ ಅದಕ್ಕೋಸ್ಕರ ನಿಲ್ಲಿಸಬೇಡಿ.

ಪ್ರಶ್ನೆ: ಕೊನೇದು. ಆ 203 ಸರಿಯಾ ಅಂತ ಎಲ್ಲಿ ನೋಡೋದು?

ಉತ್ತರ: ಐ-140ರ ಅಪ್ರೂವಲ್ ನೋಟಿಸ್ (ಐ-797) ಮೇಲ್ಭಾಗದ ಚೌಕಗಳಲ್ಲಿ ಮೂರು ತಾರೀಖು ಇರುತ್ತೆ. ರಿಸೀವ್ಡ್ ಡೇಟ್‌ನಿಂದ ನೋಟಿಸ್ ಡೇಟ್‌ವರೆಗೆ ಎಣಿಸಿ. ಪಕ್ಕದಲ್ಲಿರೋ ಪ್ರಯಾರಿಟಿ ಡೇಟ್‌ನಿಂದ ಎಣಿಸಿದರೆ ಪರ್ಮ್‌ನ ತಿಂಗಳುಗಳೂ ಸೇರಿ ಸುಳ್ಳು ಧೈರ್ಯ ಬರುತ್ತೆ. ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ಈಗಲೇ ಕಂಪನಿಯಿಂದ ಕೇಳಿ ತಗೊಳ್ಳಿ, ಕೆಲಸ ಬಿಟ್ಟ ಮೇಲೆ ಕೇಳಿದರೆ ಕೊಡೋದು ಅವರಿಷ್ಟ.