ರಕ್ತ ತಾನಾಗಿ ನಿಂತಿದೆ, ಇನ್ನೂ ಆಪರೇಷನ್ ಬೇಕಾ ಡಾಕ್ಟ್ರೇ?

ಪ್ರಶ್ನೆ (ಮಲ್ಪೆ): ಅಪ್ಪನಿಗೆ 62. ಬೋಟ್‌ನಲ್ಲಿ ದುಡಿದವರು, ಬೀಡಿ ಇವತ್ತಿಗೂ ಬಿಟ್ಟಿಲ್ಲ. ಹೋದ ತಿಂಗಳು ಮೂತ್ರ ಪುನರ್ಪುಳಿ ಶರಬತ್ತಿನ ಬಣ್ಣದಲ್ಲಿ ಹೋಯಿತು. ನೋವು ಚೂರೂ ಇಲ್ಲ. ಉಷ್ಣ ಅಂತ ಎಳನೀರು ಕುಡಿದರು, ಎರಡು ದಿನಕ್ಕೆ ನಿಂತಿತು. ಸ್ಕ್ಯಾನ್‌ನಲ್ಲಿ ಮೂತ್ರಕೋಶದೊಳಗೆ 2 ಸೆಂ.ಮೀ. ಗಡ್ಡೆ ಕಂಡಿದೆ. ಕೆರೆದು ತೆಗೆಯಬೇಕಂತೆ. ಕತ್ತರಿ ತಾಗಿದರೆ ಹರಡುತ್ತದೆ ಅಂತ ದೊಡ್ಡಪ್ಪ ಬಿಡುತ್ತಿಲ್ಲ.

ಉತ್ತರ (ಮೂತ್ರರೋಗ ತಜ್ಞ): ಎಳನೀರಿನಿಂದ ನಿಂತದ್ದಲ್ಲಮ್ಮ. ಇದು ಮೂತ್ರಕೋಶದ ಕ್ಯಾನ್ಸರ್ ಇರಬಹುದು, ಈ ಗಡ್ಡೆಗಳ ಬುದ್ಧಿಯೇ ಹಾಗೆ. ಒಮ್ಮೆ ರಕ್ತ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಕಲ್ಲಾದರೆ ನೋವಿಗೆ ಓಡಿ ಬರುತ್ತಾರೆ, ಇದಕ್ಕೆ ಯಾರೂ ಬರುವುದಿಲ್ಲ.

ಇದರಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರ ಬರುವ ದಾರಿಯಲ್ಲೇ ದುರ್ಬೀನು ಹಾಕಿ ಗಡ್ಡೆ ಕೆರೆದು ತೆಗೆದು, ಚೂರುಗಳನ್ನು ಬಯಾಪ್ಸಿಗೆ ಕಳಿಸುತ್ತಾರೆ. ಇದರಿಂದ ಹರಡುತ್ತದೆ ಅಂತ ಹೆದರಿ ಕೂರಬೇಡಿ. ತೆಗೆಯದೆ ಅದು ಎಷ್ಟು ಆಳಕ್ಕೆ ಇಳಿದಿದೆ ಅಂತ ಗೊತ್ತಾಗುವುದೇ ಇಲ್ಲ. ಮುಂದಿನ ಚಿಕಿತ್ಸೆ ಪೂರ್ತಿ ನಿಂತಿರುವುದು ಆ ಆಳದ ಮೇಲೆ.

ರಿಪೋರ್ಟ್ ಬಂದಾಗ ತಪ್ಪದೆ ಕೇಳಿ: ಚೂರಿನಲ್ಲಿ ಮೂತ್ರಕೋಶದ ಸ್ನಾಯು ಸಿಕ್ಕಿದೆಯಾ? ಗಡ್ಡೆ ಅದರೊಳಗೆ ಹೋಗಿದೆಯಾ? ಸ್ನಾಯು ಸಿಕ್ಕಿರದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಕೆರೆಯಲು ಹೇಳಬಹುದು. ದುಡ್ಡಿಗೆ ಮಾಡುತ್ತಾರೆ ಅಂದುಕೊಳ್ಳಬೇಡಿ, ಅದು ಸರಿಯಾದ ಕ್ರಮವೇ.

ಪ್ರಶ್ನೆ (ಸುರತ್ಕಲ್): ನಮ್ಮ ಮಾವನಿಗೆ ಈ ಗಡ್ಡೆ ಮೂತ್ರಕೋಶದ ಒಳಗಿನ ಮೇಲ್ಪದರದಲ್ಲೇ ಇದೆಯಂತೆ, ಸ್ನಾಯುವಿಗೆ ಇಳಿದಿಲ್ಲವಂತೆ. ಬಿಸಿಜಿ ಹಾಕುತ್ತಾರಂತೆ. ಅದು ಮಕ್ಕಳ ಟಿಬಿ ಲಸಿಕೆ ಅಲ್ವಾ?

ಉತ್ತರ: ಅದೇ. ಆದರೆ ಇಲ್ಲಿ ಚುಚ್ಚುವುದಿಲ್ಲ. ಸಣ್ಣ ನಳಿಕೆಯಲ್ಲಿ ಮೂತ್ರಕೋಶದೊಳಗೆ ಬಿಡುತ್ತಾರೆ, ವಾರಕ್ಕೊಮ್ಮೆ, ಆರು ವಾರ. ಸುಮಾರು ಎರಡು ಗಂಟೆ ಮೂತ್ರ ತಡೆದು ಹಿಡಿಯಬೇಕು. ಅಲ್ಲಿನ ರೋಗನಿರೋಧಕ ಶಕ್ತಿ ಎಚ್ಚೆತ್ತು ಉಳಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಬೀಳುತ್ತದೆ. ಆ ದಿನ ಔಷಧಿ ಹಾಕಿದ ಮೇಲೆ ಆರು ಗಂಟೆಗಳ ಕಾಲ ಕೂತೇ ಮೂತ್ರ ಮಾಡಲಿ. ಪ್ರತಿ ಸಲ ಬ್ಲೀಚ್ ಸುರಿದು, 15 ನಿಮಿಷ ಬಿಟ್ಟು ಫ್ಲಶ್ ಮಾಡಿ. ಒಂದೆರಡು ದಿನ ಉರಿ ಇರುತ್ತದೆ. ಜ್ವರ ಜಾಸ್ತಿಯಾದರೆ ಮಾತ್ರ ಸುಮ್ನೆ ಪ್ಯಾರಾಸಿಟಮಾಲ್ ನುಂಗಿ ಮಲಗಬಾರದು, ಫೋನ್ ಮಾಡಿ.

ಪ್ರಶ್ನೆ (ಮಲ್ಪೆ): ಸ್ನಾಯುವಿಗೆ ಹೋಗಿದ್ದರೆ?

ಉತ್ತರ: ಆಗ ದೊಡ್ಡ ಚಿಕಿತ್ಸೆ. ಸಾಮಾನ್ಯವಾಗಿ ಮೊದಲು ಕೀಮೋ, ನಂತರ ಮೂತ್ರಕೋಶವನ್ನೇ ತೆಗೆದು ಕರುಳಿನ ತುಂಡಿನಿಂದ ಬೇರೆ ದಾರಿ. ಹೊಟ್ಟೆಯ ಮೇಲೆ ಚೀಲ ಬರಬಹುದು. ಕೆಲವರಿಗೆ ಕೀಮೋ ಜೊತೆ ರೇಡಿಯೇಷನ್ ಕೊಟ್ಟು ಮೂತ್ರಕೋಶ ಉಳಿಸಲೂ ಆಗುತ್ತದೆ. ಈಗಲೇ ಅಷ್ಟು ದೂರ ಹೋಗಬೇಡಿ, ನಾಲ್ವರಲ್ಲಿ ಸುಮಾರು ಮೂವರಿಗೆ ಪತ್ತೆಯಾದಾಗ ಸ್ನಾಯುವಿಗೆ ಇಳಿದಿರುವುದಿಲ್ಲ.

ಬೀಡಿ ಮಾತ್ರ ಇವತ್ತೇ ನಿಲ್ಲಲಿ. ಹೊಗೆಯ ವಿಷ ರಕ್ತದಿಂದ ಸೋಸಿ ಮೂತ್ರದಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಡ್ಮಿಟ್ ಆಗುವ ಮೊದಲೇ ಹೇಳಿ.