ಸಹಾಯ ಬೇಕು: ‘ನೀರಗಂಟಿ’ ಮನೆತನದವರು ಎಲ್ಲೆಲ್ಲಿದ್ದಾರೆ?

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ಮುತ್ತಜ್ಜನ ಹಳೆಯ ಕಂದಾಯ ರಸೀದಿಯಲ್ಲಿ, ಮಾಸಿದ ನೇರಳೆ ಶಾಯಿಯಲ್ಲಿ, ಹೆಸರಿನ ಜೊತೆಗೆ ‘ನೀರಗಂಟಿ’ ಎಂದಿದೆ. ಅಪ್ಪನಿಗೆ ಶಾಲೆಯಲ್ಲಿ ಬರೀ ಇನಿಷಿಯಲ್ ಬರೆಸಿದರು. ಮನೆತನದ ಹೆಸರು ಅಲ್ಲಿಗೇ ಮರೆಯಾಯಿತು. ಕೆರೆಯ ತೂಬು ತೆಗೆದು, ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ಧಾನ್ಯದ ಪಾಲು, ಪಡೆಯುತ್ತಿದ್ದವನೇ ನೀರಗಂಟಿ. ಎಂಥ ಹೊಣೆಯ ಕೆಲಸ! ವಂಶಪಾರಂಪರ್ಯ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ನಮ್ಮೂರ ಕೆರೆಯಲ್ಲಿ ತೂಬಿನ ಕಲ್ಲುಕಂಬಗಳು ಇನ್ನೂ ನಿಂತಿವೆ.

ಗಡಿಯಾಚೆ ತೆಲುಗಿನಲ್ಲೂ ‘ನೀರುಗಂಟಿ’ ಎಂಬ ಇಂಟಿಪೇರು (ಮನೆತನದ ಹೆಸರು) ಇದೆ. ನಮ್ಮವರು ಅಲ್ಲಿಂದ ಬಂದವರೇ, ಅಥವಾ ಒಂದೇ ಕಸುಬಿನಿಂದ ಎರಡೂ ಕಡೆ ಹುಟ್ಟಿದ ಹೆಸರೇ? ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆ ಈ ಹೆಸರಿನವರಿದ್ದರೆ ದಯವಿಟ್ಟು ಮನೆದೇವರು, ಮೂಲ ಊರು ತಿಳಿಸಿ. ಈ ಕೆಲಸಕ್ಕೆ ಜಮೀನು ಕೊಟ್ಟ ಹಳೆಯ ಇನಾಂ ಪತ್ರವಿದ್ದರೆ ಒಂದು ಫೋಟೋ ಕಳುಹಿಸಿ.